ಕುಲುಕಿದರೂ ಲ್ಯಾಟಿನ್‌ನಲ್ಲೇ ಕುಲುಕಬೇಕು

ಕುಲುಕುವುದಕ್ಕೆ ಇಂಗ್ಲಿಷಿನಲ್ಲಿ ‘ಶೇಕ್’ ಇದೆಯಲ್ಲ, ಸಾಲದೇ ಎಂದು ನೀವು ಕೇಳಬಹುದು. ಸಾಲದು ಸ್ವಾಮಿ. ಮಿಲ್ಕ್‌ಶೇಕ್ ಅಂಗಡಿಯವನದೂ ಶೇಕ್, ವೈದ್ಯ ಮಹಾಶಯರದೂ ಶೇಕ್ ಎಂದಾದರೆ ಫೀಸಿಗೆ ಮರ್ಯಾದೆ ಎಲ್ಲಿಂದ ಬರಬೇಕು? ಅದಕ್ಕೇ ಅವರು ‘ಸಕಷನ್’ ಎಂಬ ಮಾತೊಂದನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಆಸ್ತಿ ವ್ಯಾಜ್ಯದ ‘ಸಕ್ಸೆಷನ್’ ಅಲ್ಲ, ಗಾಬರಿಯಾಗಬೇಡಿ. ಇದರಲ್ಲಿ ಅಣ್ಣತಮ್ಮಂದಿರು ಪಾಲಾಗುವುದಿಲ್ಲ; ಯಾರನ್ನೋ ಏನನ್ನೋ ಹಿಡಿದು ಅಲುಗಾಡಿಸುತ್ತಾರೆ, ಅಷ್ಟೆ.

ಲ್ಯಾಟಿನ್‌ನಲ್ಲಿ ‘ಕ್ವಾತೆರೆ’ ಎಂದರೆ ಕುಲುಕು. ಮುಂದೆ ‘ಸುಬ್’, ಅಂದರೆ ಕೆಳಗಿನಿಂದ, ಎಂದು ಅಂಟಿಸಿದರೆ ‘ಸುಕ್ಕುತೆರೆ’. ಸಂಸಾರ ದೊಡ್ಡದು. ಮಿದುಳು ಅದುರಿದರೆ ಕನ್‌ಕಷನ್, ತಬಲಾ ಬಾರಿಸಿದರೆ ಪರ್ಕಷನ್. ‘ಡಿಸ್ಕಷನ್’ ಕೂಡ ಅದೇ ಮನೆಯ ಕೂಸು. ಮೂಲದಲ್ಲಿ ಕುಲುಕಿ ಚೆದುರಿಸುವುದು ಎಂದರ್ಥ. ಟೀವಿಯಲ್ಲಿ ರಾತ್ರಿ ಒಂಬತ್ತರ ಚರ್ಚೆ ನೋಡುವವರಿಗೆ ಪುರಾವೆ ಬೇಕಿಲ್ಲ.

ಮಾತು ರೋಮಿನದಾದರೂ ಕೆಲಸ ಗ್ರೀಕರದು. ಎದೆಯೊಳಗೆ ಕೀವು ತುಂಬಿದೆಯೋ ಎಂದು ತಿಳಿಯಲು ಹಿಪೊಕ್ರೆಟಿಸನ ಕಾಲದ ವೈದ್ಯರು ರೋಗಿಯ ಭುಜ ಹಿಡಿದು ಕುಲುಕಿ, ಯಾವ ಪಕ್ಕೆಯಲ್ಲಿ ಗುಳುಗುಳು ಎನ್ನುತ್ತದೆಂದು ಕಿವಿಗೊಡುತ್ತಿದ್ದರು. ಎಳನೀರು ಕೊಳ್ಳುವಾಗ ನಾವು ಮಾಡುವುದೂ ಅದನ್ನೇ. ನಗಬೇಡಿ, ಪರೀಕ್ಷೆ ಸರಿಯಾದದ್ದೇ. ಎದೆಗೂಡಿನಲ್ಲಿ ಗಾಳಿಯೂ ದ್ರವವೂ ಒಟ್ಟಿಗೆ ಸೇರಿದ್ದರೆ ಆ ಸದ್ದು ಬರುತ್ತದೆ.

ನಗಬೇಕಾದದ್ದು ಇನ್ನೊಂದಕ್ಕೆ. ಗೂನುಬೆನ್ನಿನವರನ್ನು ಏಣಿಗೆ ಕಟ್ಟಿ, ಗೂನು ಕೆಳಗಿದ್ದರೆ ತಲೆಕೆಳಗಾಗಿ, ಮೇಲಿದ್ದರೆ ಕಾಲು ಕೆಳಗಾಗಿ, ಏಣಿಯನ್ನು ಎತ್ತರಕ್ಕೆ ಎಳೆದು ಧಡಕ್ಕನೆ ನೆಲಕ್ಕೆ ಬಿಡುತ್ತಿದ್ದರಂತೆ. ಅದೂ ಸಕಷನ್ನೇ. ಹಿಪೊಕ್ರೆಟಿಸನ ಹೆಸರಿನ ಗ್ರಂಥವೇ ಇದನ್ನು ಗೇಲಿ ಮಾಡುತ್ತದೆ: ಇದು ಜನ ಸೇರಿಸುವ ಡೋಂಗಿಗಳ ಕಸುಬು, ನೋಡುವವರು ಬಾಯಿ ಬಿಟ್ಟು ನೋಡುತ್ತಾರೆ, ಆಮೇಲೆ ರೋಗಿ ಏನಾದ ಎಂದು ಯಾರೂ ಕೇಳುವುದಿಲ್ಲ ಎಂದು. ಎರಡು ಸಾವಿರ ವರ್ಷ ಕಳೆದರೂ ಪ್ರೇಕ್ಷಕರು ಬದಲಾದಂತಿಲ್ಲ.

ಈ ಮಾತಿಗೆ ಎರಡನೇ ಪ್ರಾಯ ತಂದುಕೊಟ್ಟವರು ಜರ್ಮನಿಯ ಸ್ಯಾಮುಯೆಲ್ ಹಾನಿಮನ್, ಹೋಮಿಯೋಪತಿಯ ಜನಕ. ಔಷಧಿಗೆ 99 ಪಾಲು ದ್ರವ ಬೆರೆಸಿ ಕುಲುಕು. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99 ಬೆರೆಸಿ ಕುಲುಕು. ಹೀಗೆ 30 ಸುತ್ತು. ಹನ್ನೆರಡು ಸುತ್ತು ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿದೆಯೆಂಬ ಭರವಸೆ ರಸಾಯನಶಾಸ್ತ್ರ ಕೊಡುವುದಿಲ್ಲ. ಉಳಿಯುವುದು ಕುಲುಕಿದ ಪುಣ್ಯ ಮಾತ್ರ! ಅದರ ಲೆಕ್ಕಕ್ಕೂ ಅವರಲ್ಲಿ ಬಹಳ ಎಚ್ಚರ. ತಮ್ಮ ‘ಆರ್ಗನಾನ್’ ಗ್ರಂಥದ 1833ರ ಆವೃತ್ತಿಯಲ್ಲಿ ಎರಡೇ ಸಲ ಸಾಕು, ಹೆಚ್ಚಾದರೆ ಮದ್ದು ವಿಪರೀತ ಜೋರಾದೀತು ಎಂದರು. ಅವರು ತೀರಿಕೊಂಡ ಮೇಲೆ 1921ರಲ್ಲಿ ಹೊರಬಂದ ಆರನೇ ಆವೃತ್ತಿಯಲ್ಲಿ ಅದೇ ಲೆಕ್ಕ 100ಕ್ಕೆ ಏರಿತು. ಶೀಸೆಯನ್ನು ಬಡಿಯಲು ಚರ್ಮದ ರಟ್ಟಿನ ಪುಸ್ತಕವಾದೀತು ಎಂಬ ಸಲಹೆಯೂ ಉಂಟು. ದಪ್ಪ ಪುಸ್ತಕ ಬರೆದವರು ಸಮಾಧಾನಪಡಿ, ಓದದಿದ್ದರೂ ಉಪಯೋಗವಿದೆ.

ಈ ಪದ್ಧತಿ ನಮ್ಮ ಕರಾವಳಿಗೂ ಬೇಗನೆ ಬಂತು. ಜರ್ಮನ್ ಪಾದ್ರಿ ಫಾದರ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲೇ ಬಡವರಿಗೆ ಹೋಮಿಯೋಪತಿ ಮದ್ದು ಕೊಡತೊಡಗಿದರು.

ಕುಲುಕುವುದರಿಂದ ನಿಸ್ಸಂಶಯವಾಗಿ ಲಾಭವಾಗುವ ಶೀಸೆಯೊಂದು ನಿಮ್ಮ ಮನೆಯಲ್ಲೇ ಇರುತ್ತದೆ: ಮಗುವಿನ ಜ್ವರದ ಸಸ್ಪೆನ್ಷನ್. ಮದ್ದಿನ ಪುಡಿ ತಳಕ್ಕಿಳಿದಿರುತ್ತದೆ. ಅಲುಗಾಡಿಸದೆ ಬಗ್ಗಿಸಿದರೆ ಮೊದಲ ಚಮಚದಲ್ಲಿ ಬರೀ ಸಿಹಿನೀರು, ಕೊನೆಯ ಚಮಚದಲ್ಲಿ ಬೇಡದಷ್ಟು ಮದ್ದು. ಲ್ಯಾಟಿನ್ ಬರದಿದ್ದರೂ ಪರವಾಗಿಲ್ಲ, ಅದನ್ನು ಮಾತ್ರ ಮರೆಯದೆ ಚೆನ್ನಾಗಿ ಕುಲುಕಿ.