ಪಡುವಣ ಗೋಡೆಯವರ ಸಂದರ್ಶನ

ರಾಜಕಾರಣಿಗಳನ್ನೂ ನಟನಟಿಯರನ್ನೂ ಕಂಡು ನಾಲ್ಕು ಮಾತು ಪಡೆದು ಬರುವುದು ಪತ್ರಿಕಾಕರ್ತರ ನಿತ್ಯಕರ್ಮವಾಗಿರುವ ಈ ಕಾಲದಲ್ಲಿ, ಮನೆಯ ಭಾರವನ್ನೆಲ್ಲ ಹೊತ್ತು ನಿಂತಿದ್ದರೂ ಯಾರೊಬ್ಬರ ಕುಶಲಪ್ರಶ್ನೆಗೂ ಪಾತ್ರವಾಗದೆ ಮೊಳೆಯ ಪೆಟ್ಟಿಗೆ ಮಾತ್ರ ಪಾತ್ರವಾಗುತ್ತಿರುವ ಗೋಡೆಯನ್ನು ಮಾತನಾಡಿಸುವುದು ನ್ಯಾಯವೆಂದು ತೋರಿದುದರಿಂದ, ಮೈಸೂರಿನ ಹಳೆಯ ಅಗ್ರಹಾರದ ಮನೆಯೊಂದರ ಪಡುವಣ ಗೋಡೆಯವರನ್ನು ಕಾಣಲು ಹೋದೆ. ಆ ಮನೆಯ ಯಜಮಾನರು ನಿವೃತ್ತ ಅಧಿಕಾರಿಗಳು. ಪಿಂಚಣಿ ಆರಂಭವಾದ ದಿನದಿಂದಲೇ ಗಾರೆ, ಬಡಗಿ, ನಲ್ಲಿ, ವಿದ್ಯುತ್ತು ಎಂಬ ನಾಲ್ಕು ಶಾಸ್ತ್ರಗಳಲ್ಲಿಯೂ ತಮಗೆ ತಾವೇ ದೀಕ್ಷೆ ಕೊಟ್ಟುಕೊಂಡು, ಯೂಟ್ಯೂಬಿನ ಗುರುಮುಖೇನ ವ್ಯಾಸಂಗ ನಡೆಸುತ್ತಿರುವವರು. ಅವರು ಹಾರ್ಡ್‌ವೇರ್ ಅಂಗಡಿಗೆ ಹೋಗಿರುವ ಹೊತ್ತನ್ನು ನೋಡಿ ಸಂದರ್ಶನ ನಡೆಸಬೇಕಾಗಿತ್ತು. ಅದಕ್ಕಾಗಿ ಹೆಚ್ಚು ಕಾಯಬೇಕಾಗಲಿಲ್ಲ, ದಿನದ ಬಹುಭಾಗವನ್ನು ಅವರು ಅಲ್ಲಿಯೇ ಕಳೆಯುತ್ತಾರೆ.

ನಾನು: ಕ್ಷೇಮವೆ?

ಗೋಡೆ: ಬಲಗಡೆ ಕ್ಷೇಮ, ಎಡಗಡೆ ತೇವ. ಆಷಾಢ ಕಾಲಿಟ್ಟಿತೆಂದರೆ ಮಳೆಯ ಎರಚಲೆಲ್ಲ ಪಡುವಣದವರ ಪಾಲು. ಮೂಡಣ ಗೋಡೆಗೆ ಬೆಳಗಿನ ಎಳೆಬಿಸಿಲೂ ಬಂದವರ ಹೊಗಳಿಕೆಯೂ. ದೂರುತ್ತಿಲ್ಲ, ದಿಕ್ಕು ನೋಡಿ ಹುಟ್ಟುವ ಸ್ವಾತಂತ್ರ್ಯ ಗೋಡೆಗಳಿಗೆ ಇಲ್ಲ.

ನಾನು: ತಮ್ಮ ವಂಶದ ವಿಷಯವಾಗಿ ಎರಡು ಮಾತು?

ಗೋಡೆ: ನನ್ನದು ಸಿಮೆಂಟಿಗೆ ಮುಂಚಿನ ವಂಶ. ಸುಟ್ಟ ಇಟ್ಟಿಗೆ, ಗುಂಡಿಯಲ್ಲಿ ನೆನೆದು ಹದಗೊಂಡ ಸುಣ್ಣ, ಇಟ್ಟಿಗೆಯನ್ನು ಕುಟ್ಟಿ ಮಾಡಿದ ಸುರ್ಕಿ ಇವುಗಳನ್ನು ಎತ್ತು ಕಟ್ಟಿ ಗಾಣದಲ್ಲಿ ಅರೆದು, ಮೇಲಿನ ನುಣುಪಾದ ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸುತ್ತಿದ್ದ ಕಾಲವದು. 1911ರಲ್ಲಿ ಕನ್ನಂಬಾಡಿಯ ಕಟ್ಟೆಗೆ ಕೈಹಾಕಿದಾಗ ಅದರ ಕಲ್ಲುಗಳನ್ನು ಬೆಸೆದದ್ದೂ ಸುರ್ಕಿಯ ಗಾರೆಯೇ ಆದುದರಿಂದ, ನಾವು ದಾಯಾದಿಗಳೆಂದು ಹೇಳಿಕೊಳ್ಳುವುದುಂಟು. ಅವರು ಕಾವೇರಿಯನ್ನು ತಡೆದು ನಿಲ್ಲಿಸಿದರು. ನಾನು ನಮ್ಮ ಮನೆಯ ತಾರಸಿಯ ನೀರಿಗೆ ಸೋತು ನಿಂತಿದ್ದೇನೆ. ಒಂದೇ ವಂಶದಲ್ಲಿ ಹೀಗೂ ಆಗುತ್ತದೆ.

ನಾನು: ಈ ಸೋಲಿನ ಕಾರಣವೇನು?

ಗೋಡೆ: ನನ್ನ ನೆತ್ತಿಯ ಮೇಲೆ, ತಾರಸಿಯ ಮೂಲೆಯಲ್ಲಿ, ಮಳೆನೀರು ಇಳಿದುಹೋಗುವ ಕೊಳವೆಯೊಂದಿದೆ. ಎದುರಿನ ಹೊಂಗೆಯ ಮರ ಉದುರಿಸಿದ ಎಲೆಯೆಲ್ಲ ಗಾಳಿಗೆ ಬಂದು ಅದರ ಬಾಯಲ್ಲಿ ಕುಳಿತು, ಕೊಳೆತು, ನೀರಿಗೆ ಎಡೆಗೊಡದೆ ಹೋದುದರಿಂದ, ಆ ನೀರು ಅಲ್ಲಿಯೇ ಮಡುಗಟ್ಟಿ ಸಂದಿನಿಂದ ಸಂದಿಗೆ ಇಳಿದು ನನ್ನ ಹೊಟ್ಟೆಯನ್ನು ಸೇರುತ್ತದೆ. ರೋಗದ ಮೂಲ ಇಷ್ಟೆ; ಔಷಧಿ ಒಂದು ಉದ್ದನೆಯ ಕೋಲು. ಆದರೆ ಯಜಮಾನರು ತಾರಸಿ ಹತ್ತಲಿಲ್ಲ. ನಡುಮನೆಯಲ್ಲಿ ನಿಂತು ನನ್ನ ಮುಖವನ್ನು ದಿಟ್ಟಿಸಿ, ಕೆರೆದು, ಪುಟ್ಟಿ ಮೆತ್ತಿ, ಮರಳುಕಾಗದದಿಂದ ಉಜ್ಜಿ, ಪ್ರೈಮರು ಹೊಡೆದು, ಅದರ ಮೇಲೆ ಎರಡು ಕೋಟು ಎಮಲ್ಶನ್ ಬಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ಹೇಳುವವರೆಲ್ಲ ಅದನ್ನು ನಗುತ್ತಾ ಹೇಳುತ್ತಾರೆ. ಎಮ್ಮೆಯನ್ನು ಯಾರೂ ಕೇಳಿಲ್ಲ. ದೀಪಾವಳಿಗೆ ಬಳಿದ ಬಣ್ಣ ಶ್ರಾವಣದ ಹೊತ್ತಿಗೆ ಬೊಕ್ಕೆಯೆದ್ದು ಚಕ್ಕೆಚಕ್ಕೆಯಾಗಿ ಉದುರಿತು. ಯಜಮಾನರು ಬಣ್ಣದ ಕಂಪನಿಯವರನ್ನು ಬೈದರು.

ನಾನು: ಆ ಬಿಳಿಯ ಪುಡಿ?

ಗೋಡೆ: ಉಪ್ಪು. ಒಳಗಿನ ನೀರು ಮೈಮೇಲಕ್ಕೆ ಬಂದು ಆರಿಹೋಗುವಾಗ ತನ್ನಲ್ಲಿ ಕರಗಿದ್ದ ಲವಣವನ್ನು ಹೊಸಲಿನಲ್ಲಿಯೇ ಬಿಟ್ಟುಹೋಗುತ್ತದೆ. ಒಣ ಬ್ರಷ್ಷಿನಿಂದ ಉದುರಿಸಿ ಗುಡಿಸಿಬಿಡತಕ್ಕ ಆ ಪುಡಿಯನ್ನು ಯಜಮಾನರು ಒದ್ದೆಬಟ್ಟೆಯಿಂದ ಒರೆಸಿ, ಕರಗಿಸಿ, ಪುನಃ ನನಗೇ ಕುಡಿಸುತ್ತಾರೆ. ಶುಚಿತ್ವದಲ್ಲಿ ಅವರಿಗೆ ಅಪಾರ ಶ್ರದ್ಧೆ.

ನಾನು: ತೇವ ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ಎಂಬುದನ್ನು ಗೃಹಸ್ಥರು ತಿಳಿಯುವ ಬಗೆ ಹೇಗೆ?

ಗೋಡೆ: ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನನ್ನ ಮೈಗೆ ಇಟ್ಟು ನಾಲ್ಕು ಅಂಚಿಗೂ ಬಿಗಿಯಾಗಿ ಟೇಪು ಹಚ್ಚಿ ಎರಡು ದಿನ ಬಿಡತಕ್ಕದ್ದು. ಹನಿ ಹಾಳೆಯ ಹಿಂಬದಿಗೆ ಕಟ್ಟಿದ್ದರೆ ನೀರು ನನ್ನೊಳಗಿನದು, ಮುಂಬದಿಗೆ ಕಟ್ಟಿದ್ದರೆ ಕೋಣೆಯದು. ಆಗ ಕಿಟಕಿ ತೆರೆದರಾಯಿತು. ಕಾಸು ಖರ್ಚಿಲ್ಲ. ಬಹುಶಃ ಅದೇ ಕಾರಣದಿಂದ ಯಾರೂ ಇದನ್ನು ಮಾಡುವುದಿಲ್ಲ. ನಮ್ಮ ಯಜಮಾನರಿಗಂತೂ ತಗಾದೆಯಿಲ್ಲದ ಸಲಹೆಯಲ್ಲಿಯೂ ಬಿಲ್ಲಿಲ್ಲದ ಔಷಧಿಯಲ್ಲಿಯೂ ನಂಬಿಕೆಯಿಲ್ಲ.

ನಾನು: ಅನಂತರ ಅವರು ಸಿಮೆಂಟಿನ ಮೊರೆಹೊಕ್ಕರಂತೆ?

ಗೋಡೆ: ಹೊಕ್ಕರು. ಸಿಮೆಂಟನ್ನು ನಾನು ದ್ವೇಷಿಸುವುದಿಲ್ಲ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತ ಅದಕ್ಕೆ ಪೇಟೆಂಟ್ ಪಡೆದ; ಆತನೂ ಇಟ್ಟಿಗೆ ಕೆಲಸದ ಮೇಸ್ತ್ರಿಯೇ, ಆದುದರಿಂದ ಗೌರವವುಂಟು. ಹಿತ್ತಿಲಿನ ಹೊಸ ಕೋಣೆ ಪೂರ್ತಿ ಸಿಮೆಂಟಿನದು, ಅದರ ಗೋಡೆಗೆ ಅದೇ ಸರಿ. ಆದರೆ ನನ್ನದು ಉಸಿರಾಡುವ ಮೈ. ಸುಣ್ಣದ ಗಾರೆ ಗಾಳಿಯ ಇಂಗಾಲಾಮ್ಲವನ್ನು ಹೀರಿ ವರ್ಷಗಟ್ಟಲೆ ನಿಧಾನವಾಗಿ ಮತ್ತೆ ಕಲ್ಲಾಗುತ್ತಾ ಹೋಗುತ್ತದೆ. ನೀರು ಒಳಬಂದರೂ ಆವಿಯಾಗಿ ಹೊರಬೀಳಲು ದಾರಿ ಬಿಟ್ಟಿರುತ್ತದೆ. ಆ ದಾರಿಗೆ ಸಿಮೆಂಟಿನ ಕದ ಹಾಕಿದರೆ, ಬಂದ ನೀರು ಹೋಗಲಾರದೆ ಮೇಲಕ್ಕೇರಿ, ನಿನ್ನೆಯವರೆಗೆ ಮೊಣಕಾಲಿನಲ್ಲಿದ್ದ ಕಲೆ ಇಂದು ಸೊಂಟಕ್ಕೆ ಬರುತ್ತದೆ. ಅದಿರಲಿ, ಹಾಕಿದ ರೀತಿಯನ್ನಾದರೂ ಕೇಳಿ. ನಡುಹಗಲಿನಲ್ಲಿ, ನನ್ನ ಮೈಗೆ ಒಂದು ಚೊಂಬು ನೀರನ್ನೂ ಚಿಮುಕಿಸದೆ, ಬಾಣಲಿ ತುಂಬ ಗಾರೆ ಕಲಸಿದರು. ನೀರು ಕಂಡ ಸಿಮೆಂಟು ಅರ್ಧ ಗಂಟೆ ಕಳೆದ ಮೇಲೆ ಕಟ್ಟಿಕೊಳ್ಳತೊಡಗುತ್ತದೆ; ಅದು ಯಾರ ಕಾಫಿಗೂ ಕಾಯುವುದಿಲ್ಲ. ಯಜಮಾನರು ಕಾಫಿ ಕುಡಿದು, ಬಾಣಲಿಯ ಪಕ್ಕದಲ್ಲಿ ಕರಣೆ ಹಿಡಿದು ನಿಂತು ಫೋಟೋ ತೆಗೆಸಿಕೊಂಡು, ಅದನ್ನು ಅಮೆರಿಕದಲ್ಲಿರುವ ಮಗನಿಗೂ ಬೀಗರಿಗೂ ವಾಟ್ಸಾಪಿನಲ್ಲಿ ಕಳುಹಿಸಿ, ಬಂದ ಪ್ರಶಂಸೆಗಳಿಗೆಲ್ಲ ಉತ್ತರ ಬರೆದು ಬರುವ ವೇಳೆಗೆ ಗಾರೆ ಗಟ್ಟಿಯಾಗಿತ್ತು. ಮೇಲೆ ಇನ್ನಷ್ಟು ನೀರು ಸುರಿದು ಮತ್ತೆ ಕಲಸಿ ಬಳಿದರು. ಏಳು ದಿನವಾದರೂ ನೀರು ಹೊಡೆದು ತಣ್ಣಗಿಡಬೇಕಾದ ಗಾರೆಗೆ ಒಂದು ದಿನವೂ ನೀರಿಲ್ಲ. ಈಗ ನೀವು ಬೆರಳ ಗೆಣ್ಣಿನಿಂದ ಇಲ್ಲಿ ತಟ್ಟಿ ನೋಡಿ.

(ತಟ್ಟಿದೆ. ಟೊಳ್ಳು ಸದ್ದು ಬಂದಿತು. ಹಿಂದೆಯೇ ಒಂದು ಹಪ್ಪಳದಗಲದ ಚಕ್ಕೆ ನನ್ನ ಪಾದರಕ್ಷೆಯ ಮೇಲೆ ಬಿದ್ದಿತು.)

ನಾನು: ಕ್ಷಮಿಸಬೇಕು.

ಗೋಡೆ: ಚಿಂತೆಯಿಲ್ಲ, ಇಂದಲ್ಲ ನಾಳೆ ಬೀಳತಕ್ಕದ್ದೇ.

ನಾನು: ಈ ರಂಧ್ರಗಳ ವಿಚಾರ?

ಗೋಡೆ: ಅದೇ ಡ್ರಿಲ್ಲಿಂಗ್ ಯಂತ್ರದ ಪರ್ವ. ಪಿಸ್ತೂಲಿನ ಹಿಡಿಯೂ ಕುದುರೆಯೂ ಇರುವ ಡ್ರಿಲ್ಲಿಗೆ ಅಮೆರಿಕದಲ್ಲಿ 1917ರಲ್ಲಿ ಪೇಟೆಂಟ್ ದೊರೆಯಿತಂತೆ. ಆ ಆಕಾರವನ್ನು ಕೊಟ್ಟವರು ಪುಣ್ಯವಂತರಲ್ಲ. ಶಾಂತಸ್ವಭಾವದ ಗೃಹಸ್ಥನೂ ಅದು ಕೈಗೆ ಬಂದೊಡನೆ ಒಂದು ಕಣ್ಣು ಮುಚ್ಚಿ ನನ್ನತ್ತ ಗುರಿಯಿಡುತ್ತಾನೆ. ಒಂದು ಗಡಿಯಾರ ನೇತುಹಾಕುವ ಸಂದರ್ಭ. ಮೊದಲ ರಂಧ್ರದಲ್ಲಿ ಸುಣ್ಣದ ಗಾರೆ ಪುಡಿಪುಡಿಯಾಗಿ ಉದುರಿ ರಾಲ್‌ಪ್ಲಗ್ ಸಡಿಲವಾಯಿತು. ದಪ್ಪ ಪ್ಲಗ್ ತಂದರು, ಅದಕ್ಕಾಗಿ ರಂಧ್ರವನ್ನು ಹಿಗ್ಗಿಸಿದರು. ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜತೆಗೆ ತಿರುಗಿತು. ಪಕ್ಕದಲ್ಲಿ ಎರಡನೆಯದು, ಇಟ್ಟಿಗೆಯ ಸಂದಿಗೆ ಬಿದ್ದು ಡ್ರಿಲ್ ಜಾರಿತು. ಮೂರನೆಯದಕ್ಕೆ ಸ್ವಿಚ್ಚುಬೋರ್ಡಿನ ನೇರ ಮೇಲೆ ಗುರಿ ಹಿಡಿದಾಗ, ಅಡುಗೆಮನೆಯಿಂದ ಯಜಮಾನಿತಿಯವರು, "ರೀ, ಅಲ್ಲಿ ಬೇಡ, ವೈರು ಅಲ್ಲೇ ಮೇಲಕ್ಕೆ ಹೋಗಿರೋದು!" ಎಂದು ಕೂಗಿದರು. ಬೋರ್ಡಿನಿಂದ ತಂತಿಯ ಪೈಪು ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಹೋಗಿರುತ್ತದೆಂಬ ಈ ಒಂದು ಜ್ಞಾನದಿಂದ ಆ ಮನೆಯಲ್ಲಿ ಇನ್ನೂ ಕುಂಕುಮ ಉಳಿದಿದೆ. ಕಡೆಗೆ ಮೂರನೆಯದನ್ನು ಇತ್ತ ಸರಿದು ಕೊರೆದು, ಮೂರು ರಂಧ್ರಗಳನ್ನೂ ಮುಚ್ಚುವಷ್ಟು ದೊಡ್ಡ ಗಡಿಯಾರವನ್ನು ಕೊಂಡುತಂದರು. ಅದು ಹತ್ತು ನಿಮಿಷ ಹಿಂದೆ ನಡೆಯುತ್ತದೆ. ಅದನ್ನೂ ತಾವೇ ರಿಪೇರಿ ಮಾಡುವುದಾಗಿ ಹೇಳಿದ್ದಾರೆ.

ನಾನು: ಇಷ್ಟಕ್ಕೆಲ್ಲ ಮೇಸ್ತ್ರಿಯನ್ನೇ ಕರೆಯಬಹುದಿತ್ತಲ್ಲವೆ?

ಗೋಡೆ: ಇಲ್ಲಿ ಯಜಮಾನರ ಪಕ್ಷವನ್ನೂ ಹೇಳಬೇಕು. ಮೇಸ್ತ್ರಿ ಒಬ್ಬರನ್ನು ಕರೆದಿದ್ದರು. ಬಂದವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇದೆಲ್ಲ ಒಡೆದು ಹೊಸದಾಗಿ ಕಟ್ಟಬೇಕು ಸ್ವಾಮಿ" ಎಂದರು. ಅಷ್ಟು ಬೇಡವೆಂದಾಗ, "ಹಾಗಾದರೆ ನಾಳೆ ಬರ್ತೀನಿ" ಎಂದು ಹೋದರು. ಆ ನಾಳೆ ಇನ್ನೂ ಉದಯಿಸಿಲ್ಲ. ಸಣ್ಣ ಕೆಲಸಕ್ಕೆ ಯಾರೂ ಬಾರದ ಊರಿನಲ್ಲಿ ಗೃಹಸ್ಥ ಕರಣೆ ಹಿಡಿದರೆ ಅದು ಅಪರಾಧವೆಂದು ನಾನು ಹೇಳಲಾರೆ. ನಲ್ಲಿಯ ವಾಷರ್ ಬದಲಿಸಲಿ, ಬಾಗಿಲ ತಿರುಗಣಿಗೆ ಎಣ್ಣೆ ಬಿಡಲಿ, ಮೈನ್ ಸ್ವಿಚ್ಚು ಆರಿಸಿ ಸಡಿಲವಾದ ಸ್ವಿಚ್ಚನ್ನು ಬಿಗಿ ಮಾಡಲಿ, ಮಳೆಗೆ ಮುಂಚೆ ತಾರಸಿಯ ಕೊಳವೆ ಚೊಕ್ಕಟಮಾಡಲಿ. ಆದರೆ ಕೊಳವೆ ಚೊಕ್ಕಟಮಾಡಿದವನ ಫೋಟೋ ಯಾರು ತೆಗೆಯುತ್ತಾರೆ? ಅದನ್ನು ನೋಡಿ ಬೀಗರು ಏನೆಂದಾರು? ಬಣ್ಣವಾದರೆ ಬಂದವರ ಕಣ್ಣಿಗೆ ಬೀಳುತ್ತದೆ. ಅವರಿಗೆ ಬೇಕಾದದ್ದು ತೇವವಿಲ್ಲದ ಗೋಡೆಯಲ್ಲ, "ಇದನ್ನು ನಾನೇ ಮಾಡಿದೆ" ಎಂದು ತೋರಿಸಲು ಬರುವ ಗೋಡೆ.

ನಾನು: ಮೇಸ್ತ್ರಿಯ ಕೂಲಿಯಾದರೂ ಉಳಿಯಿತಲ್ಲ.

ಗೋಡೆ: ಉಳಿದ ಕೂಲಿಯಲ್ಲಿ ಡ್ರಿಲ್ಲು, ರಸಮಟ್ಟ, ತೂಗುಗುಂಡು, ಮೂರು ಬಗೆಯ ಕರಣೆ, ಅರ್ಧ ಉಳಿದು ಕೆನೆಗಟ್ಟಿದ ನಾಲ್ಕು ಬಣ್ಣದ ಡಬ್ಬಿ, ಇವನ್ನೆಲ್ಲ ಇಡಲೊಂದು ಕಬ್ಬಿಣದ ಬೀರು ಬಂದಿವೆ. ಆ ಬೀರುವನ್ನು ನನಗೇ ಒರಗಿಸಿ ನಿಲ್ಲಿಸಿದ್ದಾರೆ. ಅದರ ಹಿಂದೆ ಗಾಳಿಯಾಡದೆ ಹೊಸದೊಂದು ಬೂಷ್ಟು ಬೆಳೆಯುತ್ತಿದೆ. ಯಜಮಾನರಿಗೆ ಇನ್ನೂ ತಿಳಿದಿಲ್ಲ, ದಯವಿಟ್ಟು ಹೇಳಬೇಡಿ.

ನಾನು: ಹೇಳುವುದಿಲ್ಲ. ಆದರೆ ಈ ಸಂದರ್ಶನ ಅಚ್ಚಾಗುತ್ತದೆ. ಜತೆಗೆ ತಮ್ಮದೊಂದು ಭಾವಚಿತ್ರವನ್ನೂ ಪ್ರಕಟಿಸಬೇಕೆಂದು ಸಂಪಾದಕರ ಅಪೇಕ್ಷೆ.

ಗೋಡೆ: ಭಾವಚಿತ್ರ ಸರ್ವಥಾ ಕೂಡದು! ತಮ್ಮ ಮನೆಯ ಗೋಡೆ ಪತ್ರಿಕೆಯಲ್ಲಿ ಬಂದಿದೆಯೆಂದು ತಿಳಿದರೆ ಯಜಮಾನರು ಆ ಪುಟಕ್ಕೆ ಕಟ್ಟು ಹಾಕಿಸುತ್ತಾರೆ. ಕಟ್ಟು ಹಾಕಿಸಿದ ಮೇಲೆ ಅದನ್ನು ಎಲ್ಲಾದರೂ ನೇತುಹಾಕಬೇಕಲ್ಲ ಸ್ವಾಮಿ?