ನಾಲ್ಕೂವರೆಯ ಹಸಿವು

ಬೆಳಗಿನ ಹಸಿವಿಗೆ ಮರ್ಯಾದೆಯಿದೆ. ಸ್ನಾನ ಮುಗಿಸಿ, ತಲೆ ಬಾಚಿಕೊಂಡು ಬರುತ್ತದೆ. ರಾತ್ರಿಯ ಹಸಿವು ಟೀವಿ ನೋಡುತ್ತಾ ಕಾಯುತ್ತದೆ. ಶಾಲೆ ಬಿಟ್ಟ ಮೇಲಿನ ನಾಲ್ಕೂವರೆಯ ಹಸಿವು ಮಾತ್ರ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಶೂ ಒಂದು ಹೊಸಿಲಿನಾಚೆ, ಇನ್ನೊಂದು ಈಚೆ. ಬ್ಯಾಗು ಸೋಫಾದ ಮೇಲೆ. ಹುಡುಗ ನೇರ ಅಡುಗೆಮನೆಯಲ್ಲಿ. ನಮ್ಮ ಹತ್ತನೇ ಕ್ಲಾಸಿನವನಿಗೆ ಡಬ್ಬದ ಮುಚ್ಚಳ ತೆಗೆಯುವಷ್ಟೂ ವ್ಯವಧಾನವಿಲ್ಲ. ಒಂದೊಂದನ್ನೇ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ, ಡಾಕ್ಟರು ಎದೆ ಪರೀಕ್ಷೆ ಮಾಡುವ ಹಾಗೆ. ಗಡಗಡ ಎಂದರೆ ಶೇಂಗಾ, ಸರಸರ ಎಂದರೆ ಅವಲಕ್ಕಿ, ಸದ್ದೇ ಇಲ್ಲದಿದ್ದರೆ ಹಿಟ್ಟು. ಕೊನೆಗೆ ತೀರ್ಪು: "ಅಮ್ಮಾ, ಈ ಮನೇಲಿ ತಿನ್ನೋಕೆ ಏನೂ ಇರಲ್ಲ."

ಇರುತ್ತದೆ. ತಿಂಡಿಯ ರೂಪದಲ್ಲಿ ಇರುವುದಿಲ್ಲ, ಅಷ್ಟೆ. ಮೀಸೆ ಚಿಗುರುವ ವಯಸ್ಸಿನ ಹಸಿವು ಹೆಚ್ಚೆಂದರೆ ಹತ್ತು ನಿಮಿಷ ತಡೆದೀತು. ಅಷ್ಟರೊಳಗೆ ತಟ್ಟೆ ಕೈಗೆ ಬಂತೋ, ಮನೆ ಗೆದ್ದಿತು. ಬರಲಿಲ್ಲವೋ, ಮೂಲೆಯಂಗಡಿಯ ಬಾಗಿಲಲ್ಲಿ ನೇತಾಡುವ ಐದು ರೂಪಾಯಿಯ ಪ್ಯಾಕೆಟ್ಟು ಗೆದ್ದಿತು. ಅದರೊಳಗೆ ಮುಕ್ಕಾಲು ಪಾಲು ಗಾಳಿ, ಉಳಿದದ್ದು ಉಪ್ಪು. ಹೀಗಾಗಿ ಕಡಿಮೆ ಖರ್ಚಿನ ತಿಂಡಿಯ ಗುಟ್ಟು ಕೈರುಚಿಯಲ್ಲಿಲ್ಲ, ಮಧ್ಯಾಹ್ನವೇ ಅರ್ಧ ಕೆಲಸ ಮುಗಿಸಿಟ್ಟುಕೊಳ್ಳುವುದರಲ್ಲಿದೆ ಎಂಬುದು ನನ್ನ ಸಿದ್ಧಾಂತ. ಅಡುಗೆ ಪುಸ್ತಕ ಬರೆಯುವವರು ಇದನ್ನು ಒಪ್ಪಲಾರರು. ಅವರ ಮನೆಗೆ ಮಕ್ಕಳು ಆರೂವರೆಗೆ ಬರುತ್ತಿರಬೇಕು.

ಹಾಗೆ ನೋಡಿದರೆ ಗಾಳಿಯನ್ನು ಹೀಗಳೆಯುವ ಹಕ್ಕು ನಮಗಿಲ್ಲ. ನಮ್ಮದು ದಾವಣಗೆರೆ, ಮಂಡಕ್ಕಿ ಭಟ್ಟಿಗಳ ಊರು. ಭತ್ತ ಇಲ್ಲಿ ನೆನೆದು, ಬೆಂದು, ಒಣಗಿ, ಅಕ್ಕಿಯಾಗಿ, ಉಪ್ಪು ಹಿಡಿದು, ಕಡೆಗೆ ಕಾದ ಮರಳಿನಲ್ಲಿ ಅರಳುತ್ತದೆ. ಹಿಡಿಯಷ್ಟಿದ್ದದ್ದು ಬೋಗುಣಿ ತುಂಬುತ್ತದೆ. ಮಂಡಕ್ಕಿಯ ಗುಣವೂ ದೋಷವೂ ಇದೇ: ಕಣ್ಣು ತುಂಬಿಸಿದಷ್ಟು ಬೇಗ ಹೊಟ್ಟೆ ತುಂಬಿಸುವುದಿಲ್ಲ. ಬೋಗುಣಿ ಖಾಲಿ ಮಾಡಿದ ಹುಡುಗ ಅರ್ಧ ಗಂಟೆಗೆ ಮತ್ತೆ ಹಾಜರು.

ಇದಕ್ಕೆ ಹುಬ್ಬಳ್ಳಿ–ಧಾರವಾಡದವರು ಮದ್ದು ಕಂಡುಹಿಡಿದಿದ್ದಾರೆ: ಗಿರ್ಮಿಟ್. ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೆಟೊ ಬಾಡಿಸಿ, ಹುಣಸೆರಸ, ಚೂರು ಬೆಲ್ಲ, ಅರಿಸಿನ, ಉಪ್ಪು ಬೀಳಿಸಿ ಎಣ್ಣೆ ಬಿಡುವವರೆಗೆ ಕುದಿಸಿದರೆ ಗೊಜ್ಜು. ಇದು ಮಧ್ಯಾಹ್ನದ ಕೆಲಸ. ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಮೋಸವಿಲ್ಲ. ಸಂಜೆ ಮಂಡಕ್ಕಿಗೆ ಗೊಜ್ಜು ಸೇರಿಸಿ, ಒಂದು ಹಿಡಿ ಹುರಿದ ಶೇಂಗಾ, ಹಸಿ ಈರುಳ್ಳಿ, ಕೊತ್ತಂಬರಿ, ಮೇಲೆ ಧಾರಾಳವಾಗಿ ಪುಟಾಣಿ ಹಿಟ್ಟು. ಹೊಟ್ಟೆಗೆ ಹಿಡಿಯುವುದು ಈ ಹಿಟ್ಟೇ. ಗೊಜ್ಜಿನ ತೇವ ಹೀರಿ, ಒಂದೊಂದು ಕಾಳಿಗೂ ಅಂಟಿಕೊಂಡು, ಗಾಳಿಗೆ ತೂಕ ಕೊಡುತ್ತದೆ. ಆದರೆ ಕಲಸಿದ ಕೂಡಲೇ ಬಾಯಿಗೆ ಹೋಗಬೇಕು. ನಡುವೆ ತವರಿನಿಂದ ಫೋನು ಬಂತೋ, ಕೆಟ್ಟಿತು. "ಕುರುಂ ಅನ್ನಲ್ಲ" ಎಂದು ಮಗಳು ತಟ್ಟೆ ಸರಿಸುತ್ತಾಳೆ. ಮಕ್ಕಳು ತಿಂಡಿಯಲ್ಲಿ ಪೌಷ್ಟಿಕಾಂಶ ಹುಡುಕುವುದಿಲ್ಲ, ಸದ್ದು ಹುಡುಕುತ್ತಾರೆ.

ಪೌಷ್ಟಿಕಾಂಶ ಹುಡುಕುವವನು ಮಗ, ಅದೂ ಜಿಮ್ಮಿನ ಹುಚ್ಚು ಹಿಡಿದ ಮೇಲೆ. ಸಾವಿರಗಟ್ಟಲೆ ಬೆಲೆಯ ಪ್ರೋಟೀನ್ ಪೌಡರ್ ಬೇಕಂತೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಪುಟಾಣಿಯಲ್ಲಿ 20ರ ಆಸುಪಾಸು ಎಂದೆ. "ಹಂಗಂತ ಡಬ್ಬದ ಮೇಲೆ ಬರೆದಿಲ್ವಲ್ಲಮ್ಮ" ಎಂದ. ಸರಿ, ಮಗಳ ಸ್ಕೆಚ್ ಪೆನ್ನಿನಲ್ಲಿ ಬರೆಸಿ ಅಂಟಿಸಿದೆ. ಅವಳು ಉತ್ಸಾಹದಲ್ಲಿ ಒಂದು ಉಬ್ಬಿದ ತೋಳನ್ನೂ ಬಿಡಿಸಿದಳು. ಈಗ ಶೇಂಗಾ ವಾರಕ್ಕೊಮ್ಮೆ ತರಬೇಕಾಗಿದೆ.

ಅತ್ತೆಯವರು ತುಮಕೂರು ಕಡೆಯವರು; ಅವರ ಪಾಲಿಗೆ ತಿಂಡಿ ಎಂದರೆ ರಾಗಿ ಹುರಿಹಿಟ್ಟು. ನೆನೆಸಿ ನೀರು ಬಸಿದ ರಾಗಿಯನ್ನು ಕಾದ ಬಾಣಲೆಗೆ ಹಾಕಿದರೆ ಚಿಟಪಟ ಸಿಡಿದು ಬೆಳ್ಳಗೆ ಅರಳುತ್ತದೆ. ಬೀಸಿಟ್ಟುಕೊಂಡರೆ ತಿಂಗಳುಗಟ್ಟಲೆ ಒಲೆಯ ಹಂಗಿಲ್ಲ. ಬೆಲ್ಲ, ಕಾಯಿತುರಿ, ಹಾಲು ಹಾಕಿ ಕಲಸಿದರೆ ಆಯಿತು. ಮಕ್ಕಳು ಮಾತ್ರ ಅದರ ಬಣ್ಣ ನೋಡಿಯೇ ಓಡುತ್ತಿದ್ದರು. ಅಷ್ಟರಲ್ಲಿ, 2024ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡಲು ಶುರುಮಾಡಿದರು. ಎದುರುಮನೆಯ ಹುಡುಗಿ ಅದನ್ನು ಹೊಗಳಿದ್ದೇ ತಡ, ನಮ್ಮವಳೂ ಲೋಟ ಹಿಡಿದು ಅಜ್ಜಿಯ ಮುಂದೆ ನಿಂತಳು. ಅತ್ತೆ ಡಬ್ಬ ತೆಗೆಯುತ್ತಾ, "ನಾನು ಕೊಟ್ರೆ ಬ್ಯಾಡ, ಸರ್ಕಾರ ಕೊಟ್ರೆ ಬೇಕು. ಚೆನ್ನಾಗೈತೆ" ಎಂದರು. ಬೆಲ್ಲ ಮಾತ್ರ ಎಂದಿಗಿಂತ ಒಂದು ಚೂರು ಜಾಸ್ತಿಯೇ ಬಿತ್ತು.

ಹುಳಿ ಬಂದ ದೋಸೆಹಿಟ್ಟಿಗೆ ಪಡ್ಡು ಇದ್ದೇ ಇದೆ. ತೊಂದರೆ ಹಿಟ್ಟಿನದಲ್ಲ, ಲೆಕ್ಕದ್ದು. ಹಂಚಿಗೆ ಏಳು ಗುಳಿ, ಕಾಯುತ್ತಾ ಕೂತವರು ಮಗನೂ ಗೆಳೆಯರೂ ಸೇರಿ ನಾಲ್ವರು. ಏಳನ್ನು ನಾಲ್ಕರಿಂದ ಭಾಗಿಸಿ ಶೇಷ ಯಾರಿಗೆ ಎಂಬ ವ್ಯಾಜ್ಯದಲ್ಲಿ ಮುಂದಿನ ಸುತ್ತು ಸೀದುಹೋಗುತ್ತದೆ. ಹನ್ನೆರಡು ಗುಳಿಯ ಹಂಚು ತಂದೆ. ಗೆಳೆಯರು ಆರು ಮಂದಿಯಾದರು.

ಹೊಟ್ಟೆ ತುಂಬಿಸುವ ವಿಷಯಕ್ಕೆ ಬಂದರೆ ಮುಟಗಿಯ ಮುಂದೆ ಇವೆಲ್ಲ ಬಚ್ಚಾಗಳು. ಕಲಿಸಿದ್ದು ಪಕ್ಕದ ಮನೆಯ ವಿಜಯಪುರದ ಅಕ್ಕ. ಬಿಸಿ ಜೋಳದ ರೊಟ್ಟಿಯನ್ನು ಮುರಿದು ಕುಟ್ಟುವ ಕಲ್ಲಿಗೆ ಹಾಕಿ, ಬೆಳ್ಳುಳ್ಳಿ, ಖಾರದಪುಡಿ, ಉಪ್ಪು, ಎಣ್ಣೆಯೊಡನೆ ಜಜ್ಜಿ, ಬಿಸಿ ಆರುವ ಮೊದಲೇ ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಬೇಕು. ಅಂಗೈ ಕೆಂಪಾಗುತ್ತದೆ, ಅಕ್ಕನ ಅಂಗೈ ಕೆಂಪಾಗುವುದಿಲ್ಲ, ಅದು ಅಭ್ಯಾಸಬಲ. ಎರಡು ಉಂಡೆ ಇಳಿದರೆ ರಾತ್ರಿಯವರೆಗೂ ಅಡುಗೆಮನೆ ಕಡೆ ಯಾರೂ ಸುಳಿಯುವುದಿಲ್ಲ. ಊಟಕ್ಕೂ ಸುಳಿಯುವುದಿಲ್ಲ ಎಂಬುದೇ ಕಷ್ಟ. ಪಾತ್ರೆ ತುಂಬ ಉಳಿದ ಸಾರು ನೋಡಿ ಅತ್ತೆ ನಿಟ್ಟುಸಿರು ಬಿಡುತ್ತಾರೆ, ನಾನು ಮರುದಿನದ ಚಿತ್ರಾನ್ನದ ಯೋಜನೆ ಹಾಕುತ್ತೇನೆ.

ಮೊನ್ನೆ ನಾನು ಮದುವೆಗೆ ಹೋಗಿದ್ದಾಗ ಮಗನೇ ಗೆಳೆಯರಿಗೆ ಗಿರ್ಮಿಟ್ ಮಾಡಿ ಬಡಿಸಿದನಂತೆ. ಗೊಜ್ಜು ಸಿದ್ಧವಿತ್ತು, ಪುಟಾಣಿ ಹಿಟ್ಟಿನ ಡಬ್ಬ ಕೈಗೆ ಸಿಕ್ಕಿತ್ತು; ಅಡುಗೆಮನೆಯ ನೆಲವನ್ನು ಬಿಟ್ಟರೆ ಎಲ್ಲ ಚೆನ್ನಾಗಿಯೇ ಇತ್ತು. ನನ್ನ ಸಿದ್ಧಾಂತ ಗೆದ್ದಿತೆಂದು ಬೀಗುತ್ತಾ ಖರ್ಚಿನ ಲೆಕ್ಕ ಕೇಳಿದೆ. ಮಂಡಕ್ಕಿಗೆ ಇಪ್ಪತ್ತು ರೂಪಾಯಿ. ಜೊತೆಗೆ ಗಾಡಿಯಿಂದ ತರಿಸಿದ ಬಿಸಿ ಮಿರ್ಚಿಗೆ ನೂರೈವತ್ತು.

"ಇದೇನೋ?" ಎಂದೆ.

"ಮಿರ್ಚಿ ಇಲ್ದೆ ಮಂಡಕ್ಕಿ ಹೆಂಗಮ್ಮ ತಿನ್ನೋದು?"

ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನಾನು ಇದಕ್ಕೆ ಏನು ಉತ್ತರ ಕೊಡಲಿ? ಒಂದಾದರೂ ಉಳಿಸಿದ್ದೀಯಾ ಎಂದು ಕೇಳಿದೆ.