ಘಾಟಿ ಇಳಿಯುವ ಬೋಗಿ: ಗಣಕಕ್ರೀಡೆಯ ಬ್ರೇಕಿನ ಕುರಿತು ಒಂದು ಪ್ರಮಾಣಮೀಮಾಂಸೆ

ಪಂಜಕ್ಕೆ ರೈಲು ಬಂದಿಲ್ಲ. ಎಡಮಂಗಲ, ಕೋಡಿಂಬಾಳ, ನೆಟ್ಟಣದ ಸುಬ್ರಹ್ಮಣ್ಯ ರೋಡ್ ಎಂದು ನಿಲ್ದಾಣಗಳೆಲ್ಲ ಆಚೀಚೆ ಆಗಿಹೋಗಿವೆ. ರೈಲಿನ ಕಂಪ್ಯೂಟರ್ ಆಟಗಳಲ್ಲಿ ಪ್ರಯಾಣಿಕ ಬೋಗಿಯ ಬ್ರೇಕ್ ಸರಿಯಿದೆಯೇ ಎಂದು ತೀರ್ಪು ಕೊಡುವ ಅಧಿಕಾರ ಪಂಜಕ್ಕೆ ದಕ್ಕುವುದು ಈ ಕಾರಣದಿಂದಲೇ. ರೈಲಿನೊಳಗೆ ಕೂತವನಿಗೆ ಕಿಟಕಿಯುಂಟು, ಚಟ್ಟಂಬಡೆಯುಂಟು. ಕಾಲಡಿಯ ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎಂದು ಅವನು ವಿಚಾರಿಸಿದ್ದುಂಟೇ? ವಿಚಾರಿಸುವವನು ಮನೆಯಲ್ಲಿ ಪರದೆಯ ಮುಂದೆ ಕೂತವನೊಬ್ಬನೇ. ಆದ್ದರಿಂದ ಬ್ರೇಕಿನ ಜ್ಞಾನ ಪ್ರತ್ಯಕ್ಷದಿಂದ ಬರುವಂಥದ್ದಲ್ಲ, ಅನುಮಾನದಿಂದ ಬರುವಂಥದ್ದು. ಆಟದಲ್ಲಿ ಕಾಡು, ಮಳೆ, ಸುರಂಗ ಎಷ್ಟೇ ಚೆನ್ನಾಗಿರಲಿ, ಅವೆಲ್ಲ ಅಲಂಕಾರ. ಬೋಗಿಯ ಬ್ರೇಕ್ ಮಾತ್ರ ಪ್ರಮಾಣ.

ಅನುಮಾನ ಎಂದಕೂಡಲೇ ತಾರ್ಕಿಕರು ಬೆಟ್ಟದ ಮೇಲಿನ ಹೊಗೆಯನ್ನು ತೋರಿಸುತ್ತಾರೆ. ಯಾವ ಬೆಟ್ಟ ಎಂದು ಅವರು ಹೇಳಿರಲಿಲ್ಲ. ಅದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ 55 ಕಿ.ಮೀ. ಘಾಟಿಯೇ ಇರಬೇಕು: 57 ಸುರಂಗ, 50 ಅಡಿಗೆ ಒಂದಡಿ ಇಳಿಜಾರು, ಗಂಟೆಗೆ 30 ಕಿ.ಮೀ. ಮಿತಿ. ಐಸಿಎಫ್ ಎಂಬ ಹಳೆಯ ಮಾದರಿಯ ಬೋಗಿಯ ಗಾಲಿಯಲ್ಲಿ ಹೊಗೆ ಕಂಡರೆ ಬ್ರೇಕ್ ಬ್ಲಾಕ್ ಗಾಲಿಯ ಅಂಚನ್ನು ಕಚ್ಚಿ ಹಿಡಿದಿದೆ ಎಂದು ತಿಳಿಯಬೇಕು. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಯದು ಬೇರೆ ಸಂಪ್ರದಾಯ. ಅಲ್ಲಿ ಗಾಲಿಯನ್ನು ಯಾರೂ ಮುಟ್ಟುವುದಿಲ್ಲ, ಅಚ್ಚಿನ ಮೇಲಿನ ಡಿಸ್ಕನ್ನು ಪ್ಯಾಡುಗಳು ಅಮುಕುತ್ತವೆ. ಕೆಂಪು ಎಲ್‌ಎಚ್‌ಬಿಗೆ ಗಾಲಿ ಕಚ್ಚುವ ಬ್ಲಾಕ್ ಕೂರಿಸಿದ ಆಟ ಹೇತ್ವಾಭಾಸದ ಶುದ್ಧ ನಿದರ್ಶನ.

ಹೊಗೆ ಹೊರಗಿನ ಮಾತಾಯಿತು. ಒಳಗಿನದು ಗಾಳಿಯ ವಿಚಾರ, ಮತ್ತು ಪಾಷಂಡ ಮತ ಹುಟ್ಟುವುದೂ ಅಲ್ಲಿಯೇ. ನಮ್ಮ ಪ್ರಯಾಣಿಕ ರೈಲುಗಳ ಬ್ರೇಕ್ ಪೈಪಿನಲ್ಲಿ ಒತ್ತಡ ಚದರ ಸೆಂ.ಮೀ.ಗೆ 5 ಕೆ.ಜಿ., ಜೊತೆಯ ಫೀಡ್ ಪೈಪಿನಲ್ಲಿ 6. ಬ್ರೇಕ್ ಪೈಪಿನ ಒತ್ತಡ ಇಳಿಸಿದರೆ ಬ್ರೇಕ್ ಹಿಡಿಯುತ್ತದೆ, ಏರಿಸಿದರೆ ಬಿಡುತ್ತದೆ. ಏರಿಸಿದಷ್ಟೇ ಬಿಡುತ್ತದೆ ಎಂಬುದು ಇದರ ಸೌಜನ್ಯ. ಅಮೆರಿಕದ ಗೂಡ್ಸ್ ರೈಲಿನ ವಾಲ್ವಿಗೆ ಆ ದಾಕ್ಷಿಣ್ಯವಿಲ್ಲ, ಬಿಡಲು ಶುರುಮಾಡಿದರೆ ಪೂರ್ತಿ ಬಿಟ್ಟೇ ಸಿದ್ಧ. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರಿನಲ್ಲಿ ಭಾರತದ ಒಂದು ಹಳಿಯೂ ಇರಲಿಲ್ಲ. ನಮ್ಮ ಬೋಗಿಗಳನ್ನು ಆಮೇಲೆ ಹವ್ಯಾಸಿಗಳು ಕಟ್ಟಿ ಸೇರಿಸಿದರು. ಆ ಆಟದಲ್ಲಿ ಬೋಗಿಯ ಗುಣಸ್ವಭಾವವೆಲ್ಲ ಒಂದು ಫೈಲಿನಲ್ಲಿರುತ್ತದೆ, ವಾಲ್ವಿನ ಜಾತಿಗೆ ಅದರಲ್ಲೊಂದು ಸಾಲು. ಆ ಸಾಲನ್ನು ಹಾಗೆಯೇ ಬಿಟ್ಟು ಬಣ್ಣ ಬಳಿದರೆ ಹೊರಗೆ ನೀಲಿ ಐಸಿಎಫ್, ಒಳಗೆ ಅಮೆರಿಕದ ಗೂಡ್ಸ್. ಇಂಥ ಬೋಗಿಗಳನ್ನು ಕಟ್ಟಿಕೊಂಡು ಎಡಕುಮೇರಿಯಿಂದ ಸಿರಿಬಾಗಿಲಿನತ್ತ ಇಳಿಯುತ್ತ, ವೇಗ ತುಸು ಕುಗ್ಗಿತೆಂದು ಬ್ರೇಕನ್ನು ಎಳ್ಳಷ್ಟು ಸಡಿಲಿಸಿದರೂ ಇಡೀ ರೈಲು ಸ್ವತಂತ್ರ. ಬ್ರೇಕ್ ಪೂರ್ತಿ ಬಿಟ್ಟ ಮೇಲೆ ಆ ಇಳಿಜಾರಿನಲ್ಲಿ 15 ಸೆಕೆಂಡಿಗೆ ಗಂಟೆಗೆ ಸುಮಾರು 10 ಕಿ.ಮೀ.ಯಷ್ಟು ವೇಗ ಕೂಡಿಕೊಳ್ಳುತ್ತದೆ. 30 ಇದ್ದದ್ದು 40 ಆಯಿತು. (ಇಂಜಿನ್ನಿನ ಡೈನಮಿಕ್ ಬ್ರೇಕನ್ನು ಮರೆತವನ ಲೆಕ್ಕವಿದು, ನೆನಪಿಟ್ಟುಕೊಂಡವರು ಆಟ ಆಡುವುದು ಅಪರೂಪ.)

ಇಲ್ಲಿ ಪೂರ್ವಪಕ್ಷ: ಆಟ ತಾನೇ, ಇಷ್ಟೇಕೆ ತಲೆಬಿಸಿ? ತಾಳಮದ್ದಳೆಯಲ್ಲಿ ಕರ್ಣನ ರಥದ ಗಾಲಿ ಹೂತದ್ದಕ್ಕೆ ಶಾಪ ಕಾರಣವೋ ಶಲ್ಯ ಕಾರಣವೋ ಎಂದು ಬೆಳಗಿನವರೆಗೆ ವಾದಿಸುವ ಸೀಮೆಯಿದು. ಗಾಲಿಯೂ ಇಲ್ಲ, ರಥವೂ ಇಲ್ಲ, ಎದ್ದು ಮನೆಗೆ ನಡೆಯಿರಿ ಎಂದು ಅರ್ಥಧಾರಿಗೆ ಯಾರೂ ಹೇಳುವುದಿಲ್ಲ. ಇತಿಹಾಸಪ್ರಿಯರು ಎತ್ತುವ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಈ ಹಳಿಗೆ ಗಾಳಿಯ ಬ್ರೇಕೇ ಸನಾತನವಲ್ಲವಲ್ಲ? ನಿಜ. 1979ರಲ್ಲಿ ಶುರುವಾಗಿ 1996ರಲ್ಲಿ ಗೇಜ್ ಬದಲಾವಣೆಗೆಂದು ನಿಂತ ಮೀಟರ್ ಗೇಜಿನ ಬೋಗಿಗಳು ನಿರ್ವಾತದ ಬ್ರೇಕಿನವು. ಅವಕ್ಕೆ 5 ಕೆ.ಜಿ. ಗಾಳಿ ತುಂಬಿಸುವುದು ಕಾಲವಿರುದ್ಧ. ಪ್ರಯಾಣಿಕ ರೈಲು ಬ್ರಾಡ್‌ಗೇಜಿನಲ್ಲಿ ಮತ್ತೆ ಘಾಟಿ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಆಟದವರು ಯಾವ ಕಾಲದ ಘಾಟಿ ಎಂದು ಮೊದಲೇ ಸಂಕಲ್ಪ ಮಾಡಿಕೊಳ್ಳುವುದು ಕ್ಷೇಮ.

ಕೊನೆಯ ಆಕ್ಷೇಪ ಕುಯುಕ್ತಿಯದು: ಪರದೆಯ ಬೋಗಿಯೊಳಗೆ ಪ್ರಯಾಣಿಕರೇ ಇಲ್ಲ, ಬ್ರೇಕ್ ಯಾರಿಗಾಗಿ? ಒಪ್ಪೋಣ. ಪ್ರಯಾಣಿಕರಿಲ್ಲದಿದ್ದರೆ ಬೋಗಿ ಹಗುರ. ಬೋಗಿ ಹಗುರಾದರೆ ನಿಲ್ಲುವ ದೂರವೂ ಬೇರೆ. ಆದ್ದರಿಂದ ಆಕ್ಷೇಪಿಸಿದವರೇ ಕೂತು ಹೊಸ ಲೆಕ್ಕ ಮಾಡಿಕೊಡತಕ್ಕದ್ದು, ಖಾಲಿ ಬೋಗಿಗೊಂದು, ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ದಿನಕ್ಕೆ ಬೇರೆಯೇ ಒಂದು.